ಪೂಜೆಗೂ ಇಲ್ಲ, ಮುಡಿಗೂ ಇಲ್ಲ

ನಮ್ಮ ಕಡೆ ಮನೆಗೆ ಒಂದು ಹೂವಿನ ಗಿಡ ಬಂದರೆ ಅದರ ಕೆಲಸ ಮೊದಲ ದಿನವೇ ಗೊತ್ತಾಗಿರುತ್ತದೆ. ದಾಸವಾಳ, ನಂದಿಬಟ್ಟಲು, ಕಣಗಿಲೆ ದೇವರಿಗೆ. ಮಲ್ಲಿಗೆ, ಕಾಕಡ, ಕನಕಾಂಬರ ಮುಡಿಗೆ. ತುಂಬೆ ಶಿವನಿಗೆ. ಸೇವಂತಿಗೆ ಬಾಗಿಲಿಗೂ ಆಯ್ತು, ಆಯುಧಪೂಜೆ ದಿನ ಸ್ಕೂಟರಿಗೂ ಆಯ್ತು. ಹೂವನ್ನು ಮೊಳದಲ್ಲಿ, ಮಾರಿನಲ್ಲಿ ಅಳೆದು ಕೊಳ್ಳುವ ಜನ ನಾವು. ಗಿಡದಲ್ಲೇ ಅರಳಿ ಗಿಡದಲ್ಲೇ ಬಾಡಿತು ಅಂದರೆ ನಮ್ಮ ಲೆಕ್ಕದಲ್ಲಿ ಅದು ದಂಡ.

ಹಾಗೆ ನೋಡಿದರೆ ಟೇಬಲ್ ರೋಸ್‌ನಷ್ಟು ದಂಡದ ಹೂ ಇನ್ನೊಂದಿಲ್ಲ. ಕೆಲವರು ಇದನ್ನು ಹತ್ತು ಗಂಟೆ ಹೂ ಅನ್ನುತ್ತಾರೆ. ನರ್ಸರಿಯವರಿಗೆ ಪೋರ್ಚುಲಾಕಾ. ನೆಲಕ್ಕೆ ಅಂಟಿಕೊಂಡು ಹರಡುವ ಗಿಡ, ಎದ್ದರೆ ಒಂದು ಗೇಣು. ಸಣ್ಣ ಸಣ್ಣ ಕಡ್ಡಿಗಳಂಥ ರಸ ತುಂಬಿದ ಎಲೆ. ಬೆಳಗ್ಗೆ ಆರಕ್ಕೆ ಬುಟ್ಟಿ ಹಿಡಿದು ಹೋದರೆ ಬರೀ ಮೊಗ್ಗು. ಪೂಜೆ ಮುಗಿದು, ತಿಂಡಿ ಮುಗಿದು, ಸ್ಕೂಲ್ ವ್ಯಾನ್ ಹೋಗಿ, ಪಾತ್ರೆಗಳೆಲ್ಲ ಸಿಂಕಿಗೆ ಬಿದ್ದ ಮೇಲೆ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಕಿತ್ತರೆ ಸ್ವಲ್ಪ ಹೊತ್ತಿಗೆ ಅಂಗೈಯಲ್ಲೇ ಮುದುಡುತ್ತದೆ. ತೊಟ್ಟು ಅನ್ನುವುದು ಇಲ್ಲವೇ ಇಲ್ಲ ಅನ್ನಬಹುದು, ಹಾಗಾಗಿ ದಾರದಲ್ಲಿ ಕಟ್ಟೋಕೂ ಬರುವುದಿಲ್ಲ. ಘಮ ಇಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಅವತ್ತಿನ ಹೂವಿನ ಕತೆ ಮುಗಿದಿರುತ್ತದೆ.

ನಮ್ಮ ಅತ್ತೆಗೆ ಇದರ ಬಗ್ಗೆ ಮೊದಲಿಂದಲೂ ತಕರಾರು.

"ಅಂಗಳದ ತುಂಬ ಹೂ. ದೇವರ ಮನೇಲಿ ಮಾತ್ರ ಅಂಗಡಿ ಹೂ. ಇದೇನಮ್ಮಾ ನಿನ್ನ ಲೆಕ್ಕ?"

"ಅದು ಅರಳೋದೇ ಹತ್ತರ ಮೇಲೆ ಅತ್ತೆ. ನೀವು ಪೂಜೆ ಆರಕ್ಕೇ ಮುಗಿಸ್ತೀರಲ್ಲ."

"ದೇವರು ಇದಕ್ಕೋಸ್ಕರ ಹತ್ತರ ತನಕ ಕಾಯ್ಬೇಕಾ?"

ಉತ್ತರ ಇಲ್ಲ. ಆದರೆ ಈ ದಂಡದ ಹೂವಿನ ಜೊತೆ ಕೆಲವು ಬೇಸಿಗೆ ಕಳೆದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ನಮ್ಮ ಅಂಗಳದಲ್ಲಿ ಪೂರ್ತಿ ಒಂದು ಆಯಸ್ಸು ಬದುಕುವ ಹೂ ಇದೊಂದೇ. ಉಳಿದವು ಮೊಗ್ಗಾಗಿ, ಇಲ್ಲವೇ ಅರ್ಧ ಅರಳಿದಾಗಲೇ ಕೆಲಸಕ್ಕೆ ಹೋಗಿಬಿಡುತ್ತವೆ. ದಾಸವಾಳಕ್ಕೆ ಜೇನು ಬರುವುದನ್ನು ನಾನು ನೋಡಿದ್ದು ಕಡಿಮೆ, ಯಾಕೆಂದರೆ ಜೇನು ಬರುವ ಹೊತ್ತಿಗೆ ದಾಸವಾಳ ಫೋಟೋದ ಮೇಲಿರುತ್ತದೆ. ಅಥವಾ ನಮ್ಮ ಬೀದಿಯ ಹಿರಿಯರೊಬ್ಬರ ಪ್ಲಾಸ್ಟಿಕ್ ಕವರಿನಲ್ಲಿರುತ್ತದೆ. ಬೆಳಗಿನ ವಾಕಿಂಗಿಗೆ ಕೊಕ್ಕೆ ಕೋಲು ಹಿಡಿದು ಬರುವವರು ಯಾವ ಊರಲ್ಲಿ ಇಲ್ಲ ಹೇಳಿ. ಅವರೂ ಒಮ್ಮೆ ಗೇಟಿನ ಹತ್ತಿರ ನಿಂತು, "ಅಷ್ಟೊಂದು ಗಿಡ ಬೆಳೆಸಿದ್ದೀರಿ, ಹೂವೇ ಬಿಡಲ್ವಾ ಇದು?" ಅಂತ ಕನಿಕರದಿಂದ ಕೇಳಿದ್ದರು. "ಬಿಡುತ್ತೆ ಸಾರ್, ಸ್ವಲ್ಪ ಲೇಟು" ಅಂದೆ.

ಅಂಗಳದ ವಿಷಯ ಹೇಳಬೇಕು. ನಾವಿರುವುದು ತುಮಕೂರಿನಲ್ಲಿ. ಮನೆ ದಕ್ಷಿಣಕ್ಕೆ ಮುಖ. ದಕ್ಷಿಣದ ಬಾಗಿಲು ಅಂತ ಯಾರೂ ತೆಗೆದುಕೊಳ್ಳದ ಸೈಟು ನಮಗೆ ಸ್ವಲ್ಪ ಕಡಿಮೆಗೆ ಸಿಕ್ಕಿತ್ತು. ವಾಸ್ತು ಏನು ಮಾಡಿತೋ ಬಿಟ್ಟಿತೋ, ಬಿಸಿಲಂತೂ ಧಾರಾಳವಾಗಿ ಸಿಕ್ಕಿತು. ಎದುರಿಗೆ ಮರ ಇಲ್ಲ, ಎತ್ತರದ ಮನೆ ಇಲ್ಲ. ಗೇಟಿನಿಂದ ಮೆಟ್ಟಿಲವರೆಗಿನ ಜಾಗದಲ್ಲಿ ಮನೆ ಕಟ್ಟಿದಾಗ ಉಳಿದ ಜಲ್ಲಿ, ಇಟ್ಟಿಗೆ ಚೂರು, ಎಂ ಸ್ಯಾಂಡ್ ಎಲ್ಲ ಕೆಂಪು ಮಣ್ಣಿನ ಜೊತೆ ಬೆರೆತು ಕೂತಿತ್ತು. ಗುದ್ದಲಿ ಹಾಕಿದರೆ ಠಣ್ ಅನ್ನುವ ನೆಲ. ನಮ್ಮನೆಯವರಿಗೆ ಅಲ್ಲಿ ಲಾನ್ ಹಾಕಿಸುವ ಆಸೆ. ಲಾನಿನವರು ಬಂದು ಚದರಡಿ ಲೆಕ್ಕ ಹಾಕಿದರು. ಮೇಲೆ ಕೆರೆ ಮಣ್ಣು ಹೊಡೆಸಬೇಕು, ಬೇಸಿಗೆಯಲ್ಲಿ ದಿನಾ ನೀರು ಬಿಡಬೇಕು ಅಂದರು. ನಮ್ಮ ಬೀದಿಗೆ ನಲ್ಲಿ ನೀರು ದಿನಾ ಬರುವುದಿಲ್ಲ. ಕುಡಿಯೋಕೆ ತುಂಬಿಟ್ಟ ನೀರನ್ನು ಹುಲ್ಲಿಗೆ ಬಿಡುವ ಮಾತು ಅಲ್ಲಿಗೇ ನಿಂತಿತು.

ಆಮೇಲೆ 2024ರ ಬೇಸಿಗೆ ಬಂತು. ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿದವು. ಮಾರ್ಚ್ ತಿಂಗಳಲ್ಲಿ ಅಲ್ಲಿನ ಜಲಮಂಡಳಿ, ಕುಡಿಯುವ ನೀರಿನಲ್ಲಿ ಕಾರು ತೊಳೆಯಬಾರದು, ಕೈತೋಟಕ್ಕೆ ಹಾಕಬಾರದು, ಹಾಕಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತು. ಅಲ್ಲಿರುವ ನನ್ನ ತಮ್ಮನ ಅಪಾರ್ಟ್‌ಮೆಂಟಿನ ಮುಂದೆ ಗಾಲ್ಫ್ ಮೈದಾನದ ಫೋಟೋ ನೋಡಿ ಮಾಡಿಸಿದ ಲಾನ್ ಇತ್ತು. ಏಪ್ರಿಲ್‌ಗೆ ಅದು ತೆಂಗಿನ ನಾರಿನ ಬಣ್ಣಕ್ಕೆ ಬಂತು. ಅದೇ ತಿಂಗಳು ನಮ್ಮ ಜಲ್ಲಿ ನೆಲದಲ್ಲಿ ಗುಲಾಬಿ, ಹಳದಿ, ಕಿತ್ತಳೆ, ಬಿಳಿ, ಕೆಂಪು ಎಲ್ಲ ಒಟ್ಟಿಗೆ. ತಮ್ಮನಿಗೆ ಫೋಟೋ ಕಳಿಸಿದೆ. "ಫಿಲ್ಟರ್ ಹಾಕಿದ್ದೀಯಾ ಅಕ್ಕ?" ಅಂತ ಕೇಳಿದ.

ಹಾಗಂತ ಇದನ್ನು ಬೆಳೆಸುವುದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತಲ್ಲ, ಆಮೇಲೆ ಶುರು ಮಾಡಿದರೆ ಒಳ್ಳೆಯದು. ಯಾರ ಮನೆಯ ಕಾಂಪೌಂಡಿನ ಮೇಲಾದರೂ ಇರುತ್ತದೆ, ಒಂದು ಕಡ್ಡಿ ಕೇಳಿ. ಟೇಬಲ್ ರೋಸನ್ನು ದುಡ್ಡು ಕೊಟ್ಟು ತರುವುದು ನನ್ನ ಪ್ರಕಾರ ಸ್ವಲ್ಪ ನಾಚಿಕೆಯ ವಿಷಯ. ನಾಲ್ಕು ಬೆರಳುದ್ದದ ತುಂಡು ಸಾಕು. ಕೆಳಗಿನ ಎಲೆ ತೆಗೆದು, ಅರ್ಧ ದಿನ ನೆರಳಲ್ಲಿ ಬಿಟ್ಟರೆ ಮುರಿದ ಬಾಯಿ ಒಣಗುತ್ತದೆ, ಕೊಳೆಯುವುದಿಲ್ಲ. ಗೇಣಿಗೆ ಎರಡರಂತೆ ಚುಚ್ಚುತ್ತಾ ಹೋಗಿ. ಮೊದಲ ವಾರ ಸಂಜೆ ಸಂಜೆ ಸ್ವಲ್ಪ ನೀರು ಚಿಮುಕಿಸಿ. ಬೇರು ಬಿಟ್ಟ ಮೇಲೆ ದಿನಾ ನೀರು ಹಾಕುವುದನ್ನು ನಿಲ್ಲಿಸಿ. ಎಲೆ ದುಂಡಗೆ ಬಿಗಿಯಾಗಿದ್ದರೆ ನೀರು ಬೇಡ. ಹಿಂಡಿದ ಹಾಗೆ ಸಣ್ಣಗೆ, ಸುಕ್ಕು ಸುಕ್ಕಾಗಿ ಕಂಡರೆ ಒಂದು ಚೊಂಬು ಹಾಕಿ. ಅಕ್ಕಿ ತೊಳೆದ ನೀರಾದರೂ ನಡೆಯುತ್ತದೆ.

ಬೀಜದಿಂದಲೂ ಬರುತ್ತದೆ, ಆದರೆ ಬೀಜದ ಮೇಲೆ ಮಣ್ಣು ಮುಚ್ಚಬಾರದು. ಮೊಳೆಯೋಕೆ ಇದಕ್ಕೆ ಬೆಳಕು ಬೇಕು. ಹಸಿ ಮಣ್ಣಿನ ಮೇಲೆ ಉದುರಿಸಿ ಅಂಗೈಯಿಂದ ಮೆಲ್ಲಗೆ ಒತ್ತಿದರೆ ಆಯ್ತು.

ಗೊಬ್ಬರದ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಕು. ಕೊಟ್ಟಿಗೆ ಗೊಬ್ಬರ ಸುರಿದ ಕಡೆ ಎಲೆ ಸೊಂಪಾಗಿ ಬರುತ್ತದೆ, ಹೂ ಮಾತ್ರ ಅಲ್ಲೊಂದು ಇಲ್ಲೊಂದು. ದಿನಕ್ಕೆ ಕಡಿಮೆ ಅಂದರೂ ಆರು ಗಂಟೆ ನೇರ ಬಿಸಿಲು ಬೇಕು. ನೆರಳಿಗೆ ಹಾಕಿದರೆ ಗಿಡ ಸಾಯುವುದಿಲ್ಲ, ಸುಮ್ನೆ ಉದ್ದುದ್ದ ಬೆಳೆದು ಮೊಗ್ಗು ಹಿಡಿದುಕೊಂಡು ಕೂತಿರುತ್ತದೆ. ಮೋಡ ಮುಚ್ಚಿದ ದಿನವೂ ಹಾಗೆಯೇ. ಇದು ಅರಳುವುದಕ್ಕೆ ಬೆಳಕಿನ ಜೊತೆ ಬಿಸಿಯೂ ಬೇಕು. ಹಾಗಾಗಿ ಹತ್ತು ಗಂಟೆ ಅನ್ನುವುದು ಗಡಿಯಾರದ ಲೆಕ್ಕ ಅಲ್ಲ. ಏಪ್ರಿಲ್‌ನ ಸುಡು ಬಿಸಿಲಿಗೆ ಒಂಬತ್ತಕ್ಕೇ ಬಿಚ್ಚುತ್ತದೆ, ಡಿಸೆಂಬರ್‌ನಲ್ಲಿ ಹನ್ನೊಂದು ದಾಟಿಸುತ್ತದೆ.

ಇದರ ತವರು ದಕ್ಷಿಣ ಅಮೆರಿಕ. ಅರ್ಜೆಂಟೀನಾ, ಉರುಗ್ವೆ, ಬ್ರೆಜಿಲ್‌ನ ದಕ್ಷಿಣ ಭಾಗ. ಜಾನ್ ಗಿಲ್ಲೀಸ್ ಅನ್ನುವ ಸ್ಕಾಟ್ಲೆಂಡಿನ ವೈದ್ಯ 1820ರ ದಶಕದಲ್ಲಿ ಅರ್ಜೆಂಟೀನಾದ ಮೆಂಡೋಝಾದಲ್ಲಿದ್ದರು. ಆ ಕಡೆಯ ಸಡಿಲ ಮರಳು ನೆಲದಲ್ಲಿ ಈ ಗಿಡ ಅವರಿಗೆ ಸಿಕ್ಕಿತು. ನೆಲವೆಲ್ಲ ನೇರಳೆ ಬಣ್ಣವಾಗಿ, ನಡುನಡುವೆ ಕಿತ್ತಳೆ ಬಣ್ಣದ ಹೂಗಳು ಕಾಣುವಷ್ಟು ದಟ್ಟವಾಗಿ ಹರಡಿತ್ತು ಅನ್ನುವುದು ಅವರ ವಿವರಣೆ. 1829ರಲ್ಲಿ ಸಸ್ಯಶಾಸ್ತ್ರಜ್ಞ ವಿಲಿಯಂ ಜಾಕ್ಸನ್ ಹೂಕರ್ ಇದನ್ನು ಪೋರ್ಚುಲಾಕಾ ಗ್ರಾಂಡಿಫ್ಲೋರಾ ಅಂತ ದಾಖಲಿಸಿದರು. ಅಲ್ಲಿಂದ ಯುರೋಪಿನ ತೋಟಗಳಿಗೆ ಹೋಗಿ, ಪ್ರಪಂಚ ಸುತ್ತಿ, ನಮ್ಮ ಅಜ್ಜಿಯರ ಕಾಲಕ್ಕಾಗಲೇ ಇಲ್ಲಿ ಹಳೇ ಬಕೆಟ್ಟು, ಬಣ್ಣದ ಡಬ್ಬಗಳಲ್ಲಿ ನೆಲೆಯೂರಿತ್ತು.

ನಾನು ಭೂಪಟ ತೆಗೆದು ಮೆಂಡೋಝಾ ಹುಡುಕಿದೆ. ಪಶ್ಚಿಮಕ್ಕೆ ಆಂಡೀಸ್ ಪರ್ವತ, ಅದರ ಮಗ್ಗುಲಲ್ಲಿ ಪೂರ್ವಕ್ಕೆ ಈ ಊರು. ಪೆಸಿಫಿಕ್ ಸಾಗರದ ಕಡೆಯಿಂದ ಬರುವ ತೇವವನ್ನೆಲ್ಲ ಬೆಟ್ಟವೇ ತಡೆದುಬಿಡುತ್ತದೆ. ಊರಿಗೆ ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆ. ನಮ್ಮದೂ ಇದೇ ಕತೆ ಅಲ್ವಾ? ಪಶ್ಚಿಮಕ್ಕೆ ಸಹ್ಯಾದ್ರಿ, ಈಚೆಗೆ ಮಳೆ ನೆರಳಿನ ಬಯಲುಸೀಮೆ. ಅತ್ತ ಆಗುಂಬೆಯಲ್ಲಿ 7,000 ಮಿಲಿಮೀಟರ್ ಸುರಿದರೆ ಇತ್ತ ಚಳ್ಳಕೆರೆಗೆ 500 ಕೂಡ ಮುಟ್ಟುವುದಿಲ್ಲ. ನಮ್ಮ ಬರ ಈ ಗಿಡಕ್ಕೆ ಬರವೇ ಅಲ್ಲ. ಅದರ ತವರಿನ ಲೆಕ್ಕದಲ್ಲಿ ತುಮಕೂರು ಮಳೆ ಜಾಸ್ತಿ ಇರುವ ಊರು.

ಇದರ ಅಕ್ಕ ಒಬ್ಬಳು ನಮ್ಮಲ್ಲಿ ಮೊದಲಿಂದ ಇದ್ದಾಳೆ. ಗೋಣಿ ಸೊಪ್ಪು. ರಾಗಿ ಹೊಲದಲ್ಲಿ, ತರಕಾರಿ ಮಡಿಯ ಬದುವಿನಲ್ಲಿ ತಾನಾಗಿ ಬರುತ್ತದೆ. ಬೆರಕೆ ಸೊಪ್ಪು ಅಂತ ಮಾರುವ ಕಂತೆಯಲ್ಲಿ ಇದು ಇದ್ದೇ ಇರುತ್ತದೆ. ಕೆಂಪು ದಂಟು, ದುಂಡು ಎಲೆ, ಪುಟ್ಟ ಹಳದಿ ಹೂ. ಅದೂ ಪೋರ್ಚುಲಾಕಾ ಕುಲವೇ. ಟೇಬಲ್ ರೋಸ್ ಪಕ್ಕದಲ್ಲಿ ಎದ್ದ ಗೋಣಿ ಸೊಪ್ಪನ್ನು ಕಳೆ ಅಂತ ಕೀಳಲು ಹೋದರೆ ಅತ್ತೆ ಬಿಡುವುದಿಲ್ಲ. ಅಂಗಳದಲ್ಲಿ ಅವರಿಗೆ ಮರ್ಯಾದೆ ಇರುವ ಗಿಡ ಅದೊಂದೇ.

"ಬೆಳಗ್ಗೆ ಕಿತ್ತ ಗೋಣಿ ಸೊಪ್ಪಾದ್ರೆ ಬಸ್ಸಾರಿಗೆ ಹುಣಸೆಹಣ್ಣು ಕಮ್ಮಿ ಹಾಕು" ಅಂತ ಒಂದು ದಿನ ಅಂದರು.

"ಯಾಕೆ ಅತ್ತೆ?"

"ಬೆಳಗ್ಗೆ ಹುಳಿ ಜಾಸ್ತಿ ಇರುತ್ತೆ. ಬಿಸಿಲು ಏರಿದ ಮೇಲೆ ಹೋಗುತ್ತೆ."

ನನಗೆ ನಂಬಿಕೆ ಬರಲಿಲ್ಲ. ಮಾರ್ಚ್ ಕೊನೆಯಲ್ಲಿ, ನೀರು ಕಾಣದ ಒಂದು ಮೂಲೆಯ ಗಿಡದಿಂದ ಬೆಳಗಿನ ಜಾವ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡೆ. ಹಲ್ಲು ಜುಮ್ಮೆನ್ನುವ ಹುಳಿ, ಹಿಂದೆ ಸ್ವಲ್ಪ ಉಪ್ಪು. ಅದೇ ಗಿಡದ್ದು ಸಂಜೆ ಒಂದು ಎಲೆ ತಿಂದೆ. ಸಪ್ಪೆ. ಬರೀ ಲೋಳೆ, ನೀರು. ಅತ್ತೆ ಹೇಳಿದ್ದು ಅಕ್ಷರಶಃ ನಿಜ.

ಇದರ ಕಾರಣ ಓದಿದಾಗ ನನಗೆ ಈ ಗಿಡಗಳ ಮೇಲೆ ಗೌರವ ದುಪ್ಪಟ್ಟಾಯಿತು. ಗಿಡ ಊಟ ಮಾಡಬೇಕಾದರೆ ಎಲೆಯ ಸಣ್ಣ ರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳಬೇಕು. ತೆರೆದಷ್ಟೂ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಬಿಸಿಲು ನಾಡಿನ ಗಿಡಗಳಿಗೆಲ್ಲ ಇದೇ ಕಷ್ಟ. ಇದಕ್ಕೆ ಎರಡು ದಾರಿ ಇವೆ. ಒಂದು, ರಾಗಿ, ಜೋಳ, ಕಬ್ಬಿನ ದಾರಿ. ಅವು ಒಳಗೆ ಬಂದ ಇಂಗಾಲವನ್ನು ಒತ್ತೊತ್ತಾಗಿ ಕೂಡಿಹಾಕಿ ಬಳಸುತ್ತವೆ, ಹಾಗಾಗಿ ರಂಧ್ರವನ್ನು ಅಷ್ಟು ಅಗಲ ತೆರೆಯಬೇಕಿಲ್ಲ. ಇದಕ್ಕೆ ಸಿ4 ಅನ್ನುತ್ತಾರೆ. ಇನ್ನೊಂದು, ಕಳ್ಳಿ, ಕತ್ತಾಳೆ, ಅನಾನಸ್‌ನ ದಾರಿ. ಹಗಲು ರಂಧ್ರ ಮುಚ್ಚಿಕೊಂಡು ರಾತ್ರಿ ತಂಪಿನಲ್ಲಿ ತೆರೆಯುತ್ತವೆ. ರಾತ್ರಿ ಒಳಗೆ ತೆಗೆದುಕೊಂಡಿದ್ದನ್ನು ಹುಳಿಯಾಗಿ, ಅಂದರೆ ಮ್ಯಾಲಿಕ್ ಆಮ್ಲವಾಗಿ ಎಲೆಯಲ್ಲಿ ಇಟ್ಟುಕೊಂಡು, ಹಗಲು ಬಿಸಿಲಿನಲ್ಲಿ ಖರ್ಚು ಮಾಡುತ್ತವೆ. ಇದು ಸಿಎಎಂ.

ಸಾಮಾನ್ಯವಾಗಿ ಒಂದು ಗಿಡಕ್ಕೆ ಇವೆರಡರಲ್ಲಿ ಒಂದೇ ದಾರಿ. ಗೋಣಿ ಸೊಪ್ಪಿಗೆ ಎರಡೂ ಗೊತ್ತು. ನೀರಿದ್ದಾಗ ರಾಗಿಯ ದಾರಿ, ನೀರು ಕಡಿಮೆಯಾದರೆ ಅದರ ಜೊತೆಗೆ ಕತ್ತಾಳೆಯ ದಾರಿ. ಎಲೆಯ ಒಂದೇ ಜೀವಕೋಶಗಳಲ್ಲಿ ಈ ಎರಡೂ ಕೆಲಸ ಒಟ್ಟಿಗೆ ನಡೆಯುತ್ತವೆ ಅಂತ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ತೋರಿಸಿದರು. ಟೇಬಲ್ ರೋಸ್ ಕೂಡ ಸಿ4 ಗಿಡವೇ, ನೀರು ತಪ್ಪಿದರೆ ಅದರ ಎಲೆಯಲ್ಲೂ ರಾತ್ರಿ ಹುಳಿ ಸೇರುತ್ತದೆ. ಬೆಳಗಿನ ಸೊಪ್ಪಿನ ಹುಳಿ ಅಂದರೆ ರಾತ್ರಿಯ ಸಂಪಾದನೆ. ಸಂಜೆಯ ಸಪ್ಪೆ ಅಂದರೆ ಅದು ಖರ್ಚಾಗಿದೆ ಅಂತ. ಬಸ್ಸಾರಿಗೆ ಹುಣಸೆಹಣ್ಣು ಎಷ್ಟು ಹಾಕಬೇಕು ಅನ್ನುವ ಲೆಕ್ಕದಲ್ಲಿ ಇಷ್ಟೆಲ್ಲ ಅಡಗಿದೆ. ಅತ್ತೆಗೆ ಇದನ್ನು ಬಿಡಿಸಿ ಹೇಳಿದೆ. "ಅದನ್ನೇ ತಾನೆ ನಾನು ಹೇಳಿದ್ದು?" ಅಂದರು.

ಬಣ್ಣದ ವಿಷಯದಲ್ಲೂ ಇದು ಅಡುಗೆಮನೆಯ ಕಡೆಯ ಸಂಬಂಧಿ. ಗಾಢ ಗುಲಾಬಿ ಬಣ್ಣದ ಹೂವನ್ನು ಬೆರಳಲ್ಲಿ ಉಜ್ಜಿದರೆ ಬೀಟ್‌ರೂಟ್ ಹೆಚ್ಚಿದ ಹಾಗೆ ಕೈ ಕೆಂಪಾಗುತ್ತದೆ. ಎರಡರಲ್ಲೂ ಇರುವುದು ಬೀಟಾಲೇನ್ ಅನ್ನುವ ಬಣ್ಣ. ಕೆಂಪು ದಂಟಿನ ಸೊಪ್ಪು, ಬಸಳೆ ಹಣ್ಣು, ಕಾಗದದ ಹೂ ಎಲ್ಲ ಇದೇ ಗುಂಪು. ದಾಸವಾಳ, ಶಂಖಪುಷ್ಪಗಳ ಬಣ್ಣ ಬೇರೆ ಜಾತಿಯದ್ದು, ಆಂಥೋಸಯನಿನ್. ಒಂದು ಇರುವ ಗಿಡದಲ್ಲಿ ಇನ್ನೊಂದು ಇರುವುದಿಲ್ಲ.

ಈಗ ಹನ್ನೊಂದು ಗಂಟೆಯ ಅಂಗಳಕ್ಕೆ ಬರೋಣ. ಆಫೀಸಿಗೆ ಹೋಗುವವರು ಇದನ್ನು ನೋಡುವುದಿಲ್ಲ. ಬೆಳಗ್ಗೆ ಹೋಗುವಾಗ ಮೊಗ್ಗು, ಸಂಜೆ ಬರುವಾಗ ಮುದ್ದೆ. ನಮ್ಮನೆಯವರಿಗೆ ಈ ಹೂವಿನ ಪರಿಚಯ ಭಾನುವಾರಕ್ಕೆ ಮಾತ್ರ. ನೋಡುವವರು ಯಾರು ಅಂದರೆ ಮನೆಯಲ್ಲಿರುವವರು, ಗ್ಯಾಸ್ ಸಿಲಿಂಡರ್ ತರುವವರು, ಮೀಟರ್ ಓದುವವರು, ಕೊರಿಯರ್ ಹುಡುಗರು, ತಳ್ಳುಗಾಡಿಯ ಸೊಪ್ಪಿನಮ್ಮ. ಸಿಲಿಂಡರ್ ಇಳಿಸುವ ಹುಡುಗ ಒಂದು ಸಲ ಮೊಬೈಲ್ ತೆಗೆದು ಫೋಟೋ ಹೊಡೆದುಕೊಂಡ. ಅವನ ಹೆಂಡತಿಗೆ ಕಳಿಸೋಕಂತೆ. ಬೆಳಗಿನ ಹೂಗಳಿಗೆಲ್ಲ ಪೂಜೆ ಮಾಡುವವರ ಸಮಯ. ಈ ಹೂವಿಗೆ ಮಧ್ಯಾಹ್ನ ಬಿಸಿಲಲ್ಲಿ ಓಡಾಡುವವರ ಸಮಯ.

ಜನಕ್ಕಿಂತ ಮೊದಲು ಬರುವುದು ಜೇನು. ತುಡುವೆ ಜೇನು, ಕೋಲ್ಜೇನು, ಇನ್ನೂ ಸಣ್ಣದಾದ ಮುಜಂಟಿ. ಕುಕ್ಕರುಗಾಲಲ್ಲಿ ಕೂತು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಹೂವಿನ ನಡುವೆ ಹಳದಿ ಕೇಸರಗಳ ಒಂದು ಗುಂಪು ಇದೆ. ಮುಜಂಟಿ ಅದರೊಳಗೆ ಇಳಿದು ಒದ್ದಾಡಿದಾಗ ಕೇಸರಗಳು ತಾವಾಗಿ ಅಲುಗುತ್ತವೆ. ಗಾಳಿ ಇರಲಿಲ್ಲ, ಹಾಗಾಗಿ ನನಗೆ ಅನುಮಾನ ಬಂತು. ಮಗಳು ಕಡ್ಡಿ ಪೊರಕೆಯಿಂದ ಒಂದು ಕಡ್ಡಿ ಮುರಿದು ತಂದಳು. ಹೊಸದಾಗಿ ಅರಳಿದ ಹೂವಿನ ಕೇಸರಕ್ಕೆ ಒಂದು ಬದಿಯಿಂದ ಮೆಲ್ಲಗೆ ತಾಗಿಸಿ ಕಡ್ಡಿ ತೆಗೆದಳು. ಕೇಸರಗಳು ದೂರ ಸರಿಯಲಿಲ್ಲ. ಕಡ್ಡಿ ತಾಗಿದ ಕಡೆಗೇ ನಿಧಾನಕ್ಕೆ ಬಾಗಿದವು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೆಟ್ಟಗಾದವು. ಮುಟ್ಟಿದರೆ ಮುನಿ ಮುಟ್ಟಿದಾಗ ಮುಚ್ಚಿಕೊಳ್ಳುತ್ತದಲ್ಲ, ಇದು ಮುಟ್ಟಿದವರ ಮೇಲೇ ವಾಲುತ್ತದೆ. ಬಂದ ಜೇನಿನ ಮೈಗೆ ಪರಾಗ ಮೆತ್ತೋಕೆ ಇದು ಚೆನ್ನಾಗಿ ಒದಗುತ್ತದೆ. ಮಗಳು ಅವತ್ತು ಮಧ್ಯಾಹ್ನದ ಊಟಕ್ಕೆ ಒಳಗೆ ಬರಲೇ ಇಲ್ಲ.

ನರ್ಸರಿಗಳಲ್ಲಿ ಈಗ ಹೆಚ್ಚು ಸಿಗುವುದು ಸುತ್ತು ಜಾಸ್ತಿ ಇರುವ ತಳಿ. ನೋಡೋಕೆ ಪುಟ್ಟ ಗುಲಾಬಿಯೇ. ಕೇಸರಗಳೇ ಎಸಳಾಗಿ ಬದಲಾಗಿ ಈ ಸುತ್ತುಗಳು ಬರುತ್ತವೆ. ಹಾಗಾಗಿ ತುಂಬ ಸುತ್ತಿನ ಹೂವಿನಲ್ಲಿ ಪರಾಗ ಕಡಿಮೆ, ಬೀಜ ಕಡಿಮೆ, ಜೇನಿಗೂ ಕೆಲಸ ಇಲ್ಲ. ಏಳು ಸುತ್ತಿನ ಮಲ್ಲಿಗೆ ಇಷ್ಟಪಡುವ ಜನಕ್ಕೆ ಹೇಳಿ ಪ್ರಯೋಜನ ಇಲ್ಲ, ಆದರೂ ನನ್ನ ಓಟು ಐದೇ ಎಸಳಿನ ಹಳೇ ಒಂಟಿ ಸುತ್ತಿಗೆ. ಅಗಲ ಎಲೆಯ ಇನ್ನೊಂದು ಜಾತಿಯೂ ಬಂದಿದೆ. ಚೆನ್ನಾಗಿಯೇ ಬೆಳೆಯುತ್ತದೆ. ಆದರೆ ದೂರದಿಂದ ಗೋಣಿ ಸೊಪ್ಪಿನ ಹಾಗೇ ಕಾಣುವುದರಿಂದ ನಮ್ಮ ಮನೆಯಲ್ಲಿ ಸಾರಿನ ಪಾಲಾಗುವ ಭಯ ಇದೆ.

ಕಾಯಿ ನೋಡದಿದ್ದರೆ ಈ ಗಿಡವನ್ನು ಪೂರ್ತಿ ನೋಡಿದ ಹಾಗಾಗುವುದಿಲ್ಲ. ಹೂ ಮುದುಡಿದ ಮೇಲೆ ಎಸಳು ಕರಗಿ ಅಂಟಂಟಾಗಿ, ಆಮೇಲೆ ಒಣಗಿ ಒಂದು ಟೋಪಿಯಾಗಿ ಕೂರುತ್ತದೆ. ಅದರ ಕೆಳಗೆ ಕಾಯಿ ಬಲಿಯುತ್ತದೆ. ಬಲಿತ ಕಾಯಿಯನ್ನು ಉಗುರಿನಲ್ಲಿ ಮುಟ್ಟಿದರೆ ನಡುವಿಗೆ ಸರಿಯಾಗಿ ಸುತ್ತಲೂ ಬಿರುಕು ಬಿಟ್ಟು ಮೇಲಿನ ಅರ್ಧ ಕುಂಕುಮ ಭರಣಿಯ ಮುಚ್ಚಳದ ಹಾಗೆ ಕಳಚಿ ಬರುತ್ತದೆ. ಒಳಗೆ ಬೂದು ಬಣ್ಣದ, ಉಕ್ಕಿನ ಹೊಳಪಿರುವ ಬೀಜ. ಗಸಗಸೆಗಿಂತ ಸಣ್ಣದು. ಒಂದು ಗ್ರಾಮಿಗೆ ಸುಮಾರು 10,000 ಬೀಜ ತೂಗುತ್ತವೆ. ಗಿಡದ ಬುಡದಲ್ಲಿ, ಮೆಟ್ಟಿಲ ಸಂದಿಯಲ್ಲಿ, ಚರಂಡಿ ಚಪ್ಪಡಿಯ ಬಿರುಕಿನಲ್ಲಿ ಮರುವರ್ಷ ಎದ್ದವರೆಲ್ಲ ಇದರ ಮಕ್ಕಳೇ. ತಾಯಿ ಹಳದಿ ಇದ್ದರೂ ಮಕ್ಕಳು ಹಳದಿಯೇ ಆಗಬೇಕೆಂದಿಲ್ಲ. ಅದೇ ಬಣ್ಣ ಬೇಕಾದರೆ ಕಡ್ಡಿಯೇ ಗತಿ.

ಇಷ್ಟೆಲ್ಲ ಹೊಗಳಿದ ಮೇಲೆ ಮಳೆಗಾಲದ ಮಾತನ್ನೂ ಹೇಳಬೇಕು. ಬಿಸಿಲನ್ನು ಗೆಲ್ಲುವ ಈ ಗಿಡ ಮಳೆಗೆ ಸೋಲುತ್ತದೆ. ನಮ್ಮಲ್ಲಿ ಮುಂಗಾರು ಹೇಗೋ ಕಳೆಯುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನ ಜಡಿಮಳೆ ಹಿಡಿದರೆ ಬುಡ ಕೊಳೆಯಲು ಶುರು. ಮೊದಲು ದಂಟು ಗಾಜಿನ ಹಾಗೆ ತೆಳುವಾಗಿ ಕಾಣುತ್ತದೆ. ಮಾರನೇ ದಿನ ಎತ್ತಿದರೆ ಕೈಗೇ ಬರುತ್ತದೆ. ಅದರ ಮೇಲೆ ಬಸವನ ಹುಳು. ಆಫ್ರಿಕಾ ಮೂಲದ ಆ ದೊಡ್ಡ ಬಸವನ ಹುಳುಗಳು ಒಂದು ರಾತ್ರಿಯಲ್ಲಿ ಒಂದು ಪಾತಿ ಬೋಳು ಮಾಡುತ್ತವೆ. ಟಾರ್ಚ್ ಹಿಡಿದು, ಕೈಗೆ ಕವರ್ ಹಾಕಿಕೊಂಡು ಹೆಕ್ಕಿ ಉಪ್ಪು ನೀರಿನ ಬಕೆಟ್ಟಿಗೆ ಹಾಕುವುದು ಬಿಟ್ಟು ಬೇರೆ ದಾರಿ ನಮಗೆ ಸಿಕ್ಕಿಲ್ಲ. ಬೇಸಿಗೆಯ ಕೊನೆಯಲ್ಲಿ ಹಿಟ್ಟು ತಿಗಣೆ ಬರುತ್ತದೆ, ಅದಕ್ಕೆ ಬೇವಿನೆಣ್ಣೆ ಸೋಪಿನ ನೀರು ಸಾಕು.

ಹಾಗಾಗಿ ಗಣೇಶನ ಹಬ್ಬದ ಹೊತ್ತಿಗೆ ಪ್ರತಿ ಬಣ್ಣದ್ದೂ ಎರಡೆರಡು ಕಡ್ಡಿ ಮುರಿದು ಕುಂಡಕ್ಕೆ ಚುಚ್ಚಿ ಸಜ್ಜಾ ಕೆಳಗೆ ಇಡುತ್ತೇನೆ. ಹೊರಗಿನದು ಹೋದರೂ ವಂಶ ಉಳಿಯುತ್ತದೆ. ಮಂಗಳೂರಿನಲ್ಲಿರುವ ನಾದಿನಿಗಂತೂ ನೆಲಕ್ಕೆ ಹಾಕುವ ಮಾತೇ ಇಲ್ಲ. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಬರುವ ಊರು ಅದು. ಜೂನ್ ಬಂತೆಂದರೆ ಕುಂಡಗಳೆಲ್ಲ ಮಾಡಿನ ಕೆಳಗೆ. ದೀಪಾವಳಿ ಕಳೆದ ಮೇಲೆ ಮತ್ತೆ ಅಂಗಳಕ್ಕೆ. "ನಿಮಗೆ ಬರ ಇದೆ, ಪುಣ್ಯವಂತರು" ಅಂತ ಅವಳು ಹೇಳಿದಾಗ ಅತ್ತೆ ಮಗಳನ್ನು ಗುರಾಯಿಸಿದರು.

ನೆಲ ಮುಚ್ಚೋಕೆ ಬೇರೆ ಗಿಡ ಇಲ್ಲವಾ ಅಂತ ಕೇಳಬಹುದು. ಇವೆ. ರಸ್ತೆ ಡಿವೈಡರ್‌ಗಳಲ್ಲಿ ಹಳದಿ ಹೂ ಬಿಡುವ ವೆಡೀಲಿಯಾ ನೋಡಿರುತ್ತೀರಿ. ಕೊಟ್ಟವರು ಸುಲಭವಾಗಿ ಕೊಡುತ್ತಾರೆ, ಬಿಡಿಸಿಕೊಳ್ಳುವುದು ಕಷ್ಟ. ಗಂಟು ಗಂಟಿಗೂ ಬೇರು ಬಿಟ್ಟು ಅಕ್ಕಪಕ್ಕದ ಗಿಡವನ್ನೆಲ್ಲ ನುಂಗುತ್ತದೆ. ಪ್ರಪಂಚದ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ನಾನಂತೂ ಗೇಟಿನ ಒಳಗೆ ಬಿಡುವುದಿಲ್ಲ. ನಮ್ಮದೇ ನೆಲದ ಗಿಡ ಬೇಕೆಂದರೆ ನೆಗ್ಗಿಲು ಇದೆ. ನೀರು ಬೇಡ, ಗೊಬ್ಬರ ಬೇಡ, ಹಳದಿ ಹೂ ತುಂಬ ಚೆಂದ. ಕಾಯಿ ಮಾತ್ರ ಚಪ್ಪಲಿ ತೂರಿ ಕಾಲಿಗೆ ಬರುತ್ತದೆ, ಸೈಕಲ್ ಟೈರ್ ಪಂಕ್ಚರ್ ಆಗುತ್ತದೆ. ಶತ್ರುಗಳು ಜಾಸ್ತಿ ಇರುವವರು ಬೆಳೆಸಬಹುದು.

ನನಗೆ ನಿಜವಾಗಿ ಆಸೆ ಇರುವುದು ವಿಷ್ಣುಕ್ರಾಂತಿಯ ಮೇಲೆ. ದೇವರಾಯನದುರ್ಗದ ಕಡೆ ಜಲ್ಲಿ ಮಣ್ಣಿನ ದಾರಿ ಬದಿಯಲ್ಲಿ ತಾನಾಗಿ ಬೆಳೆದಿರುತ್ತದೆ. ಬೆಳ್ಳಿ ರೋಮದ ಸಣ್ಣ ಎಲೆ, ಬಟಾಣಿಯಷ್ಟು ನೀಲಿ ಹೂ. ಅದು ಬೆಳಗ್ಗೆಯೇ ಅರಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಮುಚ್ಚುತ್ತದೆ. ಅಂದರೆ ವಿಷ್ಣುಕ್ರಾಂತಿ ಮುಗಿಸಿದ ಮೇಲೂ ಟೇಬಲ್ ರೋಸ್ ನಡೆಸುತ್ತಿರುತ್ತದೆ, ಎರಡನ್ನೂ ಬೆರೆಸಿ ಬೆಳೆಸಿದರೆ ಅಂಗಳಕ್ಕೆ ಎರಡು ಪಾಳಿ. ಗಣೇಶ ಚೌತಿಯ 21 ಪತ್ರೆಗಳಲ್ಲಿ ವಿಷ್ಣುಕ್ರಾಂತಿಯೂ ಒಂದು. ಹಾಗಾಗಿ ಅತ್ತೆಯ ಒಪ್ಪಿಗೆ ಕೂಡಲೇ ಸಿಕ್ಕಿತು. ಬೀಜ ತಂದು ಉದುರಿಸಿದ್ದೇನೆ. ಸದ್ಯಕ್ಕೆ ಮೂಲೆಯಲ್ಲಿ ನಾಲ್ಕಾರು ಸಸಿ ಎದ್ದಿವೆ, ವೇಗ ಕಡಿಮೆ.

ಗೋಣಿ ಸೊಪ್ಪನ್ನು ಕೀಳದೆ ಬಿಟ್ಟಿದ್ದರಿಂದ ಇನ್ನೊಂದು ಲಾಭವೂ ಆಯಿತು. ಅದರ ಎಲೆ ತಿನ್ನುವ ಮುಳ್ಳು ಮುಳ್ಳಾದ ಕಪ್ಪು ಹುಳು ಕಾಣಿಸಿತು. ಹೊಡೆದು ಹಾಕು ಅಂದರು, ಬಿಟ್ಟೆ. ಅದು ಡನೈಡ್ ಎಗ್‌ಫ್ಲೈ ಅನ್ನುವ ಚಿಟ್ಟೆಯ ಮರಿ. ಗಂಡು ಕಪ್ಪು, ರೆಕ್ಕೆಯ ಮೇಲೆ ದೊಡ್ಡ ಬಿಳಿ ಬೊಟ್ಟು. ಹೆಣ್ಣು ಪೂರ್ತಿ ಬೇರೆ, ಕಿತ್ತಳೆ ಬಣ್ಣದ್ದು. ಎಕ್ಕದ ಎಲೆ ತಿಂದು ಬೆಳೆದು ಮೈಯಲ್ಲಿ ವಿಷ ಇಟ್ಟುಕೊಳ್ಳುವ ಪ್ಲೇನ್ ಟೈಗರ್ ಚಿಟ್ಟೆಯ ವೇಷ ಹಾಕಿರುತ್ತದೆ. ಹಕ್ಕಿಗಳು ಇದನ್ನೂ ವಿಷ ಅಂದುಕೊಂಡು ಬಿಡುತ್ತವೆ. ಮಧ್ಯಾಹ್ನ ಟೇಬಲ್ ರೋಸ್ ಮೇಲೆ ಹಾರಾಡುವ ಕಿತ್ತಳೆ ಚಿಟ್ಟೆ ಅಸಲಿಯೋ ವೇಷವೋ ಅಂತ ನಾನೂ ಮಗಳೂ ಪಂದ್ಯ ಕಟ್ಟುತ್ತೇವೆ. ಹಿಂದಿನ ರೆಕ್ಕೆಯ ನಡುವೆ ಕಪ್ಪು ಚುಕ್ಕೆಗಳಿದ್ದರೆ ಅದು ಅಸಲಿ ಪ್ಲೇನ್ ಟೈಗರ್. ಅವಳ ಕಣ್ಣು ಚುರುಕು, ಹೆಚ್ಚು ಸಲ ಅವಳೇ ಗೆಲ್ಲುತ್ತಾಳೆ.

ಕಳೆದ ವಾರ ಪಕ್ಕದ ಬೀದಿಯ ಅಕ್ಕ ಒಬ್ಬರು ಕಡ್ಡಿ ಕೇಳಿಕೊಂಡು ಬೆಳಗ್ಗೆ ಏಳಕ್ಕೇ ಬಂದಿದ್ದರು. ಅವರಿಗೆ ಕಿತ್ತಳೆ ಬಣ್ಣದ್ದೇ ಬೇಕಿತ್ತು. ಯಾವುದು ಕಿತ್ತಳೆ ಅಂತ ಆ ಹೊತ್ತಿನಲ್ಲಿ ನನಗೂ ಗೊತ್ತಾಗಲಿಲ್ಲ, ಮೊಗ್ಗೆಲ್ಲ ಬಿಗಿಯಾಗಿ ಮುಚ್ಚಿತ್ತು. ಕಾಫಿ ಕುಡಿದು, ಅತ್ತೆ ಜೊತೆ ಅವರೆಕಾಯಿ ಬಿಡಿಸುತ್ತಾ ಹತ್ತೂವರೆಯವರೆಗೆ ಕೂತರು. ಕಿತ್ತಳೆಯ ಜೊತೆಗೆ ಹಳದಿಯದ್ದೂ ಎರಡು ಕಡ್ಡಿ ಮುರಿದುಕೊಂಡು ಹೋದರು. ಬೇಕಿದ್ದ ಉಳಿದವರೂ ಬನ್ನಿ, ಗಿಡ ಬೇಕಾದಷ್ಟಿದೆ. ಆದರೆ ಹನ್ನೊಂದರ ಮೇಲೆ ಬನ್ನಿ, ಮೋಡ ಇಲ್ಲದ ದಿನ ನೋಡಿಕೊಂಡು.